ಒಂದನೇ ಮತ್ತು ಮೂರನೇ ಭಾನುವಾರ

ಕೋರ್ಟಿನ ಅಮೀನರು ಬಂದಾಗ ನಮ್ಮಮ್ಮ, ಅಬ್ಬಿ, ಅಂಗಳದಲ್ಲಿ ಕೂತು ಮೀನಿನ ಬುಟ್ಟಿ ತಿಕ್ಕುತ್ತಿದ್ದಳು. ಅವರ ಕೈಯಲ್ಲಿ ಕಾಗದ ಕಂಡು, "ಚಂದನಾ, ಕರೆಂಟ್ ಬಿಲ್ಲ್ ಬಂತ್ ಕಾಣ್," ಎಂದು ನನ್ನನ್ನು ಕೂಗಿದಳು.

ಬಿಲ್ಲಲ್ಲ, ನನ್ನ ಅಕ್ಕ ಶ್ರೀಲತಾಳ ಹೆಸರಿಗೆ ಬಂದ ನೋಟಿಸು. ಅಕ್ಕ ಕುಂದಾಪುರದ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗಿದ್ದಳು. ಗಂಗೊಳ್ಳಿಯ ನಮ್ಮ ಮನೆಗೆ ಅವಳು ಮರಳುವಾಗ ಏಳು ಗಂಟೆಯಾಗುತ್ತದೆ. ಮನೆಯವರು ಯಾರಾದರೂ ಆಗಬಹುದು ಎಂದರು ಅಮೀನರು. ನಾನು ಸಹಿ ಹಾಕಿ ತೆಗೆದುಕೊಂಡೆ. ಅಂದು ತೆಗೆದುಕೊಳ್ಳದೇ ಇದ್ದಿದ್ದರೆ ಕೇಸೇ ಇರುತ್ತಿರಲಿಲ್ಲ ಎಂದು ಅಬ್ಬಿ ಈಗಲೂ ನಂಬಿದ್ದಾಳೆ.

"ಎಂತ ಬರ್ದಿತ್ತ್ ಅದ್ರಗೆ?"

"ಭಾವ ಕೇಸ್ ಹಾಕಿರ್. ಸುರಕ್ಷನ್ನ ಕಾಂಬುಕೆ ಬಿಡ್ತಿಲ್ಲೆ ಅಂತ. ತಿಂಗ್ಳಿಗ್ ಎರಡ್ ಸಲ ಆದ್ರೂ ಕಾಣ್ಕ್ ಅಂಬ್ರ್."

"ಯಾರ್ ಭಾವ? ನಿಂಗ್ ಭಾವ ಇಲ್ಲೆ." ಅಬ್ಬಿ ಬುಟ್ಟಿಯನ್ನು ಗೋಡೆಗೆ ಬಡಿದಳು. "ಬೊಬ್ಬರ್ಯನ ಎದ್ರ್ ಮಾತ್ ಕೊಟ್ಟವ ಕೋರ್ಟಿಗ್ ಹೋದ್ನಾ? ಎಲುಬಿಲ್ದ ನಾಲ್ಗಿ!"

ಸುರಕ್ಷಾ ಅಕ್ಕನ ಮಗಳು. ಏಳು ವರ್ಷ, ಎರಡನೇ ಕ್ಲಾಸು. ಅವಳ ಅಪ್ಪ ಸುಧೀರ್ ಕೋಡಿ ಕನ್ಯಾಣದವನು, ಮಲ್ಪೆಯಿಂದ ಹೊರಡುವ ಬೋಟಿನಲ್ಲಿ ಮೀನುಗಾರ. ಮೂರು ವರ್ಷದ ಹಿಂದೆ ಅಕ್ಕನ ಸರವನ್ನು ಅವಳಿಗೆ ಹೇಳದೆ ಅಡವಿಟ್ಟು ಬೋಟಿನಲ್ಲಿ ಪಾಲು ಹಾಕಿದ. ಯಾಕೆಂದು ಕೇಳಿದ್ದಕ್ಕೆ, ಬೇಕಾದರೆ ತಾಯಿಮನೆಗೆ ಹೋಗು ಎಂದ. ಅಕ್ಕ ಮಗುವನ್ನು ಎತ್ತಿಕೊಂಡು ಹೊರಟೇಬಿಟ್ಟಳು. ಎರಡೂ ಮನೆಯವರು ಮೂರು ಸಲ ಕೂತು ಮಾತಾಡಿದರು, ಮೂರೂ ಸಲ ಜಗಳವಾಯಿತು. ಕಡೆಗೆ ನಮ್ಮೂರ ಕಡಲ ದೈವ ಬೊಬ್ಬರ್ಯನ ಗುಡಿಯ ಮೆಟ್ಟಿಲು ಮುಟ್ಟಿ ಅಬ್ಬಿ ನುಡಿದಳು: "ನಿಮ್ಮ್ ಒಂದ್ ರೂಪಾಯಿ ನಮಗ್ ಬ್ಯಾಡ. ನಮ್ಮ್ ಹೆಣ್ಣನ್ನ ನೀವ್ ಕೇಳುಕಾಗ." ಸುಧೀರನೂ ಮೆಟ್ಟಿಲು ಮುಟ್ಟಿ, ಆಯ್ತು, ಎಂದ.

ಕಡಲಿಗೆ ಹೋಗುವವರ ಮನೆಗಳಲ್ಲಿ ಬೊಬ್ಬರ್ಯನ ಎದುರು ಆಡಿದ ಮಾತು ಸ್ಟಾಂಪ್ ಪೇಪರಿಗಿಂತ ದೊಡ್ಡದು. ಮೂರು ವರ್ಷ ಎರಡೂ ಕಡೆಯವರು ಅದನ್ನು ನಡೆಸಿದರು ಕೂಡ. ಅವನು ದುಡ್ಡು ಕಳಿಸಲಿಲ್ಲ, ನಾವು ಮಗುವನ್ನು ತೋರಿಸಲಿಲ್ಲ.

ಸಂಜೆ ಅಕ್ಕ ಬಂದು ನೋಟಿಸನ್ನು ನಿಂತಲ್ಲೇ ಎರಡು ಸಲ ಓದಿದಳು. ಹೆಗಲಿನ ಚೀಲವನ್ನೂ ಇಳಿಸಿರಲಿಲ್ಲ. ಅಷ್ಟರಲ್ಲಿ ದೇವಪ್ಪ ಮಾವನೂ ಬಂದ. ಮಾವ ಅಬ್ಬಿಯ ಅಣ್ಣ, ಮುಂಬೈ ಹೋಟೆಲುಗಳಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ಮರಳಿದವನು. ಬೋಟಿಗೆ ಹೋಗುತ್ತಿದ್ದ ನಮ್ಮ ಅಪ್ಪ ತೀರಿಹೋದ ಮೇಲೆ ಮನೆಯ ದೊಡ್ಡ ಮಾತೆಲ್ಲ ಅವನದೇ. ಅಬ್ಬಿ ಎಲ್ಲರಿಗೂ ಗಂಜಿ ಬಡಿಸಿದಳು, ಬಂಗುಡೆ ಸಾರು ಬಡಿಸಲು ಮರೆತಳು. ಯಾರೂ ಕೇಳಲಿಲ್ಲ.

"ಟೆನ್ಶನ್ ಎಂತಕೆ?" ಮಾವ ಹೇಳಿದ. "ನಮ್ದ್ ಅಬ್ಬಿ ಬಳಿ, ತಾಯಿ ಕಡೆ ವಂಶ. ಮಗು ಅಬ್ಬಿ ಕುಟುಂಬದ್ದ್, ಅಪ್ಪಂದಲ್ಲ. ಅಜ್ಜನ್ ಕಾಲ್ದಿಂದ್ಲೂ ಹಾಂಗೇ. ಕೋರ್ಟಗೂ ಅದನ್ನೇ ಹೇಳುದ್, ಖತಂ."

"ಕೋರ್ಟಗೆ ನಮ್ಮ್ ಬಳಿ ಯಾರ್ ಕೇಳ್ತ್ರ್ ಮಾವ?" ಅಕ್ಕ ನನ್ನ ಕಡೆ ತಿರುಗಿದಳು. "ಚಂದನಾ, ಮೊಬೈಲಗೆ ಕಾಣ್, ಕಾನೂನ್ ಎಂತ ಇತ್ತ್ ಅಂತ."

ಡಿಗ್ರಿ ಎರಡನೇ ವರ್ಷದ ನಾನು ಈ ಮನೆಯ ವಕೀಲೆ, ಡಾಕ್ಟರು, ಬಸ್ಸಿನ ಟೈಮ್ ಟೇಬಲು ಎಲ್ಲವೂ. ಹುಡುಕಿದೆ. ಮೊದಲು ಸಿಕ್ಕ ಸಾಲನ್ನು ಜೋರಾಗಿ ಓದಿದೆ: ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದು.

"ನಮ್ದಕ್ಕೆ ಏಳ್ ಆಯ್ತಲೆ," ಅಬ್ಬಿಯ ಕೈ ತಟ್ಟೆಯಲ್ಲೇ ನಿಂತಿತು. "ಹಾಂಗಾರೆ ಐದಾದ್ ಮೇಲೆ ಯಾರಿಗೆ?"

"ಅಪ್ಪಂಗೆ ಕಾಣತ್ತ್," ಎಂದೆ ನಾನು.

ಮುಂದೆ ಓದಲಿಲ್ಲ. ಓದಬೇಕಿತ್ತು.

ಮರುದಿನ ಅಕ್ಕ ಕೆಲಸಕ್ಕೆ ಹೋದದ್ದೇ ತಡ, ಅಬ್ಬಿ ಸುರಕ್ಷಾಳ ಯೂನಿಫಾರ್ಮ್ ಕಳಚಿ ಬೇರೆ ಅಂಗಿ ಹಾಕಿದಳು. ಮಾವ ಅವಳನ್ನು ಬೈಕಿನಲ್ಲಿ ವಂಡ್ಸೆಗೆ ಕರೆದೊಯ್ದು ಅಬ್ಬಿಯ ತಂಗಿ ವನಜ ಚಿಕ್ಕಿಯ ಮನೆಯಲ್ಲಿ ಬಿಟ್ಟುಬಂದ. ಹೋಗುವಾಗ ಅವಳು, "ಇವತ್ ಶಾಲಿಗೆ ಎಂತಕೆ ರಜಿ?" ಎಂದು ಎಲ್ಲರನ್ನೂ ಕೇಳಿದಳು. ನಾನು ಕಾಲೇಜಿಗೆ ತಡವಾಯಿತೆಂದು ಓಡಿದೆ.

ಸಂಜೆ ಅಕ್ಕ ಬಾಗಿಲಲ್ಲೇ ನಿಂತಳು. "ಹೆಣ್ಣೆಲ್ಲ್?"

"ವಂಡ್ಸೆಗಿತ್ತ್. ಕೇಸ್ ಮುಗಿವರ್ಗೆ ಅಲ್ಲೇ ಇರ್ಲಿ."

"ನನ್ನ್ ಕೇಳ್ದೆ?"

"ನೀನ್ ಕೆಲ್ಸಕ್ಕೆ ಹೋತೆ. ಅವ ಶಾಲಿ ಬಾಗ್ಲಗೆ ನಿಂತ್ ಎತ್ಕಂಡ್ ಹೋದ್ರೆ ಎಂತ ಮಾಡ್ತೆ? ಅಂಗ್ಡಿ ಸೀರಿ ಮಡಚ್ತಾ ಕೂಕಂತ್ಯಾ?"

"ಸರ ಅಡವಿಟ್ಟವ್ನೂ ಹೀಂಗೇ ಮಾಡಿದ್ದ್ ಅಬ್ಬಿ. ನನ್ನ್ ಕೇಳ್ದೆ ತಕಂಡ್ ಹೋದ್ದ್."

ಅಬ್ಬಿ ಒಲೆಯ ಕಡೆ ತಿರುಗಿಕೊಂಡಳು. ಆದರೆ ಅಕ್ಕನೂ ಮಗಳನ್ನು ಕರೆತರಲು ಹೋಗಲಿಲ್ಲ. ನಾನು ಓದಿದ ಆ ಒಂದು ಸಾಲು ಅವಳನ್ನೂ ಹೆದರಿಸಿತ್ತು. ದಿನಾ ವಿಡಿಯೋ ಕಾಲ್ ಮಾಡುತ್ತಿದ್ದಳು. "ಅಮ್ಮಾ, ನಂದ್ ಮಗ್ಗಿ ಪರೀಕ್ಷೆ ಮುಗಿತಾ? ಟೀಚರ್ ನನ್ನ್ ಕೇಳ್ರಾ?" ಎನ್ನುತ್ತಿದ್ದಳು ಸುರಕ್ಷಾ. ಆರು ದಿನ ಹೀಗೆ ಹೋಯಿತು.

ಏಳನೆಯ ದಿನ ಅಕ್ಕ ರಜೆ ಹಾಕಿದಳು. ಕುಂದಾಪುರ ಕೋರ್ಟಿನ ಕಾನೂನು ಸೇವೆಯ ಕಚೇರಿಯಲ್ಲಿ ಹೆಂಗಸರಿಗೆ ವಕೀಲರು ಬಿಟ್ಟಿಯಾಗಿ ಸಿಗುತ್ತಾರೆಂದು ಅಂಗಡಿಯಲ್ಲಿ ಯಾರೋ ಹೇಳಿದ್ದರು. ಅಬ್ಬಿಯೂ ನಾನೂ ಜೊತೆಗೆ ಹೋದೆವು. ನಮಗೆ ಕೊಟ್ಟ ವಕೀಲರು ಬ್ರಹ್ಮಾವರದ ಚಂದ್ರಾವತಿ ಮೇಡಂ. ಐವತ್ತರ ಮೇಲಿನವರು, ಮಾತಿಗೆ ಮುಂಚೆ ಕನ್ನಡಕ ತೆಗೆದು ಮುಖ ನೋಡುವವರು.

"ಮಗು ಈಗ ಎಲ್ಲಿತ್ತ್?" ಅದು ಅವರ ಮೊದಲ ಪ್ರಶ್ನೆ.

ಅಬ್ಬಿ ಅಕ್ಕನನ್ನು ನೋಡಿದಳು, ಅಕ್ಕ ಅಬ್ಬಿಯನ್ನು. "ವಂಡ್ಸೆಗೆ," ಎಂದೆ.

"ಶಾಲಿಗ್ ರಜೆಯಾ?"

"ಇಲ್ಲೆ."

ಮೇಡಂ ಪೆನ್ನು ಕೆಳಗಿಟ್ಟರು. "ಇವತ್ತೇ ಕರ್ಕಂಡ್ ಬನಿ. ಶಾಲಿ ತಪ್ಸಿ ಅಡಗ್ಸಿ ಇಟ್ಟಿರ್ ಅಂತ ಆಚೆ ವಕೀಲ್ರ್ ಹೇಳ್ರೆ ನಾನ್ ಎಂತ ಉತ್ರ ಕೊಡುದ್? ಕೋರ್ಟ್ ಕಾಂಬುದ್ ಒಂದೇ, ಮಗುಗೆ ಯಾವ್ದ್ ಒಳ್ಳೇದ್ ಅಂತ. ಹೀಂಗ್ ಮಾಡ್ರೆ ಕೈಯಗೆ ಇಪ್ಪ ಮಗುನ ನೀವೇ ಕಳ್ಕಂತ್ರಿ."

"ಐದ್ ವರ್ಷ ಆದ್ರೆ ಅಪ್ಪಂಗೆ ಅಂತ ಮೊಬೈಲಗೆ ಇತ್ತಲೆ ಅಮ್ಮ," ಅಬ್ಬಿ ನನ್ನ ಕಡೆ ಬೆರಳು ತೋರಿಸಿದಳು.

"ಐದರ ಒಳಗೆ ಸಾಮಾನ್ಯವಾಗಿ ತಾಯಿ ಹತ್ರ ಅಂತ ಇತ್ತ್. ಐದಾದ ಕೂಡ್ಲೆ ಎತ್ತಿ ಅಪ್ಪಂಗೆ ಕೊಡಿ ಅಂತ ಎಲ್ಲೂ ಇಲ್ಲೆ. ಯಾರ್ ಓದಿದ್ದ್?"

ನಾನು ಫ್ಯಾನು ತಿರುಗುವುದನ್ನು ನೋಡಿದೆ.

"ಸರಿ, ಮಗು ಖರ್ಚಿಗೆ ಅವ್ರ್ ಎಂತ ಕೊಡ್ತಿದ್ರ್?"

"ನಾವೇ ಬ್ಯಾಡ ಅಂದದ್ದ್." ಅಬ್ಬಿ ಬೆನ್ನು ನೆಟ್ಟಗೆ ಮಾಡಿ ಕೂತಳು.

"ನಿಮಗ್ ಬ್ಯಾಡ ಇಪ್ಪುಕಾತ್. ಅದ್ ನಿಮ್ದಲ್ಲ, ಮಗುದ್. ಮಗುದನ್ನ ಬ್ಯಾಡ ಅಂಬುಕೆ ಅಬ್ಬಿಗೂ ಆತಿಲ್ಲೆ, ಅಮ್ಮಮ್ಮಂಗೂ ಆತಿಲ್ಲೆ. ಅಪ್ಪನ್ ಕಾಂಬುದೂ ಹಾಂಗೇ, ಅದೂ ಮಗುದೇ. ಅವ ದುಡ್ ಕೊಡ್ಲಿಲ್ಲೆ ಅಂತ ನೀವ್ ಮಗು ತೋರ್ಸ್ದೆ ಇಪ್ಪುಕಾಗ. ನೀವ್ ತೋರ್ಸ್ಲಿಲ್ಲೆ ಅಂತ ಅವ ದುಡ್ ನಿಲ್ಸುಕಾಗ. ಮೀನ್ ಮಾರಿದಾಂಗೆ ಅದಕ್ಕ್ ಇದ್ ಸಮ ಅಂತ ಇಲ್ಲಿ ಇಲ್ಲೆ."

"ಬೊಬ್ಬರ್ಯನ ಎದ್ರ್ ನುಡಿ ಕೊಟ್ಟಿದೆ ಅಮ್ಮ."

"ಆಗ ಮಗು ಅಲ್ಲಿತ್ತಾ?"

"ಇತ್ತ್. ನನ್ನ್ ಹೆಗ್ಲ್ ಮೇಲೆ ನಿದ್ರಿ ಮಾಡ್ತಿತ್ತ್."

"ಅದ್ರ ಮಾತ್ ಯಾರ್ ಆಡ್ರ್ ಹಾಂಗಾರೆ?"

ಅಬ್ಬಿ ಎದ್ದು, ಸೆರಗು ಸರಿಮಾಡಿಕೊಂಡು, ಹೊರಗಿನ ಜಗಲಿಗೆ ಹೋದಳು.

ಅಂದೇ ಸಂಜೆ ಸುರಕ್ಷಾ ಮನೆಗೆ ಬಂದಳು. ಅಂದಿನಿಂದಲೇ ಹೊಸ ಜಗಳವೂ ಶುರುವಾಯಿತು. ಮಗಳ ಖರ್ಚು ಕೇಳಿ ಅರ್ಜಿ ಹಾಕುತ್ತೇನೆಂದಳು ಅಕ್ಕ. ಮಂಡಿನೋವಿನಿಂದಾಗಿ ಅಬ್ಬಿ ಈಗ ಅರ್ಧ ಬುಟ್ಟಿಯಷ್ಟೇ ಹೊರುವುದು ಎಲ್ಲರಿಗೂ ಗೊತ್ತಿತ್ತು, ಆ ಮಾತನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

"ಅವ್ನ್ ದುಡ್ಡಿನ್ ಅಕ್ಕಿ ಈ ಒಲಿ ಮೇಲೆ ಬೇಯುಕಾಗ," ಅಬ್ಬಿ ಹೇಳಿದಳು.

"ಒಲಿ ಮೇಲೆ ಇಡುದ್ ಬ್ಯಾಡ. ಶಾಲಿ ವ್ಯಾನಿಗೆ ಕೊಡ್ವ, ಬೂಟ್ಸ್ ತೆಗ್ವ."

"ಮೂರ್ ವರ್ಷ ನಾನ್ ಬೂಟ್ಸ್ ತೆಗ್ಲಿಲ್ಯಾ?"

"ತೆಗ್ದೆ. ಹಳೇದ್ ಹರಿದ್ ಬೆರಳ್ ಹೊರಗ್ ಬಂದ್ ಮೇಲೆ ತೆಗ್ದೆ."

ಅದು ಅಬ್ಬಿಗೆ ತಾಗಿತು. ಅಂದಿನಿಂದ ಅವಳು ತನ್ನ ಗಂಜಿಯನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿಕೊಳ್ಳತೊಡಗಿದಳು. ನಮ್ಮದನ್ನೂ ಅವಳೇ ಬೇಯಿಸುತ್ತಿದ್ದಳು, ಬಡಿಸುತ್ತಿದ್ದಳು, ತನ್ನ ತಟ್ಟೆ ಹಿಡಿದು ಹಿತ್ತಲ ಕಡೆ ಹೋಗುತ್ತಿದ್ದಳು. "ಅಮ್ಮಮ್ಮಂಗೆ ಜ್ವರವಾ?" ಎಂದು ಸುರಕ್ಷಾ ಕೇಳುತ್ತಿದ್ದಳು. ಅಕ್ಕ ಅರ್ಜಿ ಹಾಕಿಯೇ ಬಿಟ್ಟಳು.

ಕೋರ್ಟು ಇಬ್ಬರನ್ನೂ ಮಾತುಕತೆಗೆ ಕಳಿಸಿತು. ಮಧ್ಯಸ್ಥಿಕೆಗೆ ಕೂತವರು ಒಬ್ಬ ಹಿರಿಯ ವಕೀಲರು. ಮೊದಲು ಮಗು ಅಪ್ಪನನ್ನು ಒಂದು ಗಂಟೆ ನೋಡಲಿ, ಆಮೇಲೆ ಉಳಿದ ಮಾತು ಎಂದರು.

ಸುಧೀರ್ ಇಸ್ತ್ರಿ ಅಂಗಿ ಹಾಕಿ ಬಂದಿದ್ದ. ಬಿಸಿಲಿಗೆ ಸುಟ್ಟು ಮುಖ ಮೊದಲಿಗಿಂತ ಕಪ್ಪಾಗಿತ್ತು. ಸುರಕ್ಷಾ ಅಕ್ಕನ ಚೂಡಿದಾರದ ಹಿಂದೆ ನಿಂತು ಒಂದೇ ಕಣ್ಣಲ್ಲಿ ನೋಡಿದಳು. ಅವನು ಎಲ್ಲ ಬಿಟ್ಟು, "ಮೀನ್ ತಿಂತ್ಯಾ?" ಎಂದು ಕೇಳಿದ.

"ಮುಳ್ಳಿಪ್ಪುದ್ ತಿಂತಿಲ್ಲೆ."

"ಮತ್ತೆ?"

ಅವಳು ಸ್ವಲ್ಪ ಯೋಚಿಸಿದಳು. "ನೀವ್ ಬೋಟಗೆ ಹತ್ ದಿನ ಇರ್ತ್ರಿ ಅಂಬ್ರಲ್ಲ, ಅಲ್ಲಿ ಕಕ್ಕಸಿಗೆ ಎಲ್ಲ್ ಹೋಪುದ್?"

ಮಧ್ಯಸ್ಥರು ಕೆಮ್ಮಿದರು. ನಾನಂತೂ ಹೊರಗೆ ಓಡಿ ನಕ್ಕೆ. ತಿರುಗಿ ಬಂದಾಗ ಸುಧೀರ್ ಕುರ್ಚಿ ಬಿಟ್ಟು ನೆಲದ ಮೇಲೆ ಕೂತು, ಬೋಟಿನ ಹಿಂಬದಿ ಹೇಗಿರುತ್ತದೆಂದು ಬೆರಳಲ್ಲಿ ಬರೆದು ತೋರಿಸುತ್ತಿದ್ದ. ಅವಳು ಮೊಣಕಾಲೂರಿ ನೋಡುತ್ತಿದ್ದಳು.

ಸಮಯ ಮುಗಿದಾಗ ಅವನು ಅಕ್ಕನಿಗೆ ಹೇಳಿದ, "ಕೋರ್ಟಿಗ್ ಎಂತಕೆ ಹೋದೆ ಅಂತ ನಿಮ್ಗ್ ಸಿಟ್ಟ್ ಇಪ್ಪುಕಾತ್. ಹೋದ ಡಿಸೆಂಬರಗೆ ಹಟ್ಟಿಯಂಗಡಿ ದೇವಸ್ಥಾನಕ್ಕೆ ಹೋಯಿದ್ದೆ. ಇವ್ಳ ಶಾಲಿಯವ್ರ್ ಟ್ರಿಪ್ ಬಂದಿದ್ರ್. ಊಟಕ್ ನನ್ ಎದ್ರಿಗೇ ಕೂಕಂಡ್ಳ್. 'ಅಂಕಲ್, ಉಪ್ಪ್ ಜರ್ಗ್ಸಿ' ಅಂದ್ಳ್. ಜರ್ಗ್ಸಿದೆ. ಉಂಬುಕೆ ಆಯ್ಲಿಲ್ಲೆ."

ಅಕ್ಕ ಎದ್ದಳು. ಮಗಳ ಕೈ ಹಿಡಿದು ಬಸ್ಸಿನ ಕಡೆ ನಡೆದಳು. ನಮ್ಮ ಜೊತೆ ಬಂದಿದ್ದ ಅಬ್ಬಿ ಮಾತ್ರ ಒಂದು ಕ್ಷಣ ಅವನನ್ನೇ ನೋಡುತ್ತ ಹಿಂದೆ ನಿಂತಳು.

ಎರಡು ವಾರದ ಮೇಲೆ ಚಂದ್ರಾವತಿ ಮೇಡಂ ಒಪ್ಪಂದದ ಕರಡನ್ನು ನನ್ನ ಮೊಬೈಲಿಗೆ ಕಳಿಸಿದರು. ಈ ಸಲ ನಾನು ಮೊದಲಿನಿಂದ ಕೊನೆಯವರೆಗೆ ಓದಿದೆ. ಮಗು ತಾಯಿಯ ಬಳಿ ಇರತಕ್ಕದ್ದು. ತಂದೆ ತಿಂಗಳ ಒಂದನೇ ಮತ್ತು ಮೂರನೇ ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕರೆದೊಯ್ಯಬಹುದು. ಖರ್ಚನ್ನು ತಿಂಗಳ ಐದನೇ ತಾರೀಕಿನ ಒಳಗೆ ತಾಯಿಯ ಬ್ಯಾಂಕ್ ಖಾತೆಗೆ ಹಾಕಬೇಕು.

ಮಾವ ತೊಡೆ ತಟ್ಟಿ ನಕ್ಕ. "ಬೋಟಿನವ್ನಿಗೆ ಭಾನ್ವಾರ! ಶ್ರೀಲತಾ, ಕಣ್ ಮುಚ್ಚಿ ಸೈನ್ ಹಾಕ್. ಒಂದ್ ಭಾನ್ವಾರ ಬತ್ತಿಲ್ಲೆ, ಎರಡ್ನೇದಕ್ಕೆ 'ಬೋಟ್ ಬರ್ಲಿಲ್ಲೆ' ಅಂತ, ಮೂರ್ನೇದೂ ಹೋಯ್ತ್. ಆಗ ಕೋರ್ಟಿಗ್ ತೋರ್ಸುದ್, ಕಾಣಿ ಸ್ವಾಮಿ, ಅಪ್ಪಂಗೇ ಹೆಣ್ಣ್ ಬ್ಯಾಡ. ಗೇಮ್ ಓವರ್."

ಅಕ್ಕ ಉಗುರು ಕಚ್ಚಿದಳು. ಆಮೇಲೆ, "ಆಯ್ತ್," ಎಂದಳು.

ಅಬ್ಬಿ ಕಾಯಿ ತುರಿಯುತ್ತಿದ್ದಳು. ತುರಿಯುವ ಸದ್ದು ನಿಂತಿತು, ಮತ್ತೆ ಶುರುವಾಯಿತು.

ಸಹಿಯ ದಿನ ಮಧ್ಯಸ್ಥರು ಕಾಗದವನ್ನು ಗಟ್ಟಿಯಾಗಿ ಓದಿದರು. ಭಾನುವಾರದ ಸಾಲು ಬಂದಾಗ ಸುಧೀರ್ ತಲೆ ಎತ್ತಿದ, ಬಾಯಿ ತೆರೆದ, ಮತ್ತೆ ಮುಚ್ಚಿದ. ಓದಿ ಮುಗಿದದ್ದೇ ಪೆನ್ನು ತೆಗೆದುಕೊಂಡ. ಮಾವ ಅಕ್ಕನಿಗೆ ಕಣ್ಣು ಮಿಟುಕಿಸಿದ.

"ಹ್ವಾಯ್, ನಿಲ್," ಅಬ್ಬಿ ಅಂದಳು. ಮೂರು ವರ್ಷದಲ್ಲಿ ಅವಳು ಸುಧೀರನಿಗೆ ಆಡಿದ ಮೊದಲ ಮಾತು. "ನಿನ್ ಬೋಟ್ ಎಷ್ಟ್ ದಿನಕ್ಕೆ ದಡಕ್ ಬತ್ತ್?"

"ಹತ್ತ್. ಕೆಲವ್ ಸಲ ಹನ್ನೆರಡ್ ಆತ್ ಅತ್ತೆ."

"ಮತ್ತೆ ಭಾನ್ವಾರ ಬತ್ತೆ ಅಂತ ಸೈನ್ ಹಾಕ್ತ್ಯಲ, ಸಮುದ್ರ್ದಗೆ ಈಜ್ಕಂಡ್ ಬತ್ಯಾ?"

ಸುಧೀರ್ ಪೆನ್ನನ್ನೇ ನೋಡುತ್ತಿದ್ದ. "ಆತಿಲ್ಲೆ ಅಂದ್ರೆ ಇದೂ ತಪ್ಪತ್ ಅಂತ ಹೆದ್ರಿಕಿ ಅತ್ತೆ."

ಅಬ್ಬಿ ಮಧ್ಯಸ್ಥರ ಕಡೆ ತಿರುಗಿದಳು. "ಸ್ವಾಮಿ, ಮೀನಿಗೆ ಭಾನ್ವಾರ ಸೋಮ್ವಾರ ಗೊತ್ತಿತ್ತಾ? ಬೋಟ್ ದಡಕ್ ಬಂದ್ ಮಾರ್ನೆ ದಿನ ಅಂತ ಬರೀನಿ. ಶಾಲಿ ಇದ್ರೆ ಸಂಜಿ ಬಂದ್ ಕಾಣ್ಲಿ, ರಜಿ ಇದ್ರೆ ಕರ್ಕಂಡ್ ಹೋಗ್ಲಿ. ಮಳಿಗಾಲ ಎರಡ್ ತಿಂಗ್ಳ್ ಬೋಟೆಲ್ಲ ಬಂದ್. ಆಗ ಇವ ಬಲಿ ಹೊಲಿತಾ ಮನೇಲೇ ಇರ್ತ. ವಾರ ವಾರ ಕರ್ಕಂಡ್ ಹೋಗ್ಲಿ."

"ಬಾಗೀ!" ಮಾವ ಅಬ್ಬಿಯ ಹೆಸರು ಹಿಡಿದು ಕೂಗುತ್ತ ಎದ್ದುನಿಂತ. "ಎಂತ ಮಾಡ್ತಿದ್ದೆ ನೀನ್? ತಲಿ ಸರಿ ಇತ್ತಾ?"

"ನೀನ್ ಬೊಂಬಾಯಗೆ ಇದ್ದೆ ಅಣ್ಣ, ನಿಂಗ್ ಗೊತ್ತಿಲ್ಲೆ. ನನ್ ಮಕ್ಕಳ್ ಅಪ್ಪನೂ ಒಂದ್ ಭಾನ್ವಾರ ಮನೇಲ್ ಇದ್ದವ್ರಲ್ಲ. ಅದಕ್ಕಂತ 'ನಿಮ್ಮಪ್ಪಂಗೆ ನೀವ್ ಬ್ಯಾಡ' ಅಂತ ನಾನ್ ಇವ್ಕೆ ಒಂದ್ ದಿನ ಹೇಳ್ಲಿಲ್ಲೆ. ಸಿಟ್ಟಗೆ ನುಡಿ ಕೊಟ್ಟದ್ದ್ ಹೌದ್. ಮೋಸ ಮಾಡಿ ಗೆಲ್ಲುದ್ ನಂಗ್ ಬ್ಯಾಡ."

ಅಕ್ಕ ಕುರ್ಚಿ ಹಿಂದೆ ಸರಿಸಿ ಹೊರಗೆ ಹೋದಳು. ಅಬ್ಬಿ ಮಂಡಿ ಹಿಡಿದುಕೊಂಡು ಹಿಂದೆಯೇ ಹೋದಳು. ನಾನು ಬಾಗಿಲಲ್ಲಿ ನಿಂತೆ.

"ನುಡಿ ಕೊಡುವಾಗ್ಳೂ ನನ್ನ್ ಕೇಳ್ಲಿಲ್ಲೆ," ಅಕ್ಕ ತಿರುಗಿ ನಿಂತು ಹೇಳಿದಳು. "ಬಿಡುವಾಗ್ಳೂ ಕೇಳ್ಲಿಲ್ಲೆ. ನಾನ್ ಎಂತ ಆಯ್ಕ್ ಅದ್ಕೆ? ಹೆತ್ತದ್ ನಾನಲ್ದಾ?"

"ಹೌದ್," ಅಬ್ಬಿ ಅಂದಳು. "ತಪ್ಪ್ ನಂದೇ. ಈಗ ಕೇಳ್ತಿದ್ದೆ. ನಿಂಗ್ ಬ್ಯಾಡ ಅಂದ್ರೆ ಬ್ಯಾಡ. ಮನಿಗ್ ಹೋಪ."

ಕೋರ್ಟಿನ ಜಗಲಿಯಲ್ಲಿ ಜನ ಹೋಗಿ ಬಂದು ಮಾಡುತ್ತಿದ್ದರು. ಅಕ್ಕ ಗೋಡೆಗೆ ಒರಗಿ ನಿಂತಳು. ಆಮೇಲೆ ಮುಖ ಒರೆಸಿಕೊಂಡು ಒಳಗೆ ಹೋಗಿ ಮಧ್ಯಸ್ಥರಿಗೆ ಹೇಳಿದಳು, "ಅಬ್ಬಿ ಹೇಳ್ದಾಂಗೇ ಬರೀನಿ. ಮುಂಚಿನ್ ದಿನ ನನಗ್ ಫೋನ್ ಮಾಡ್ಕ್. ನಂಗೆ, ಬೇರೆ ಯಾರಿಗೂ ಅಲ್ಲ."

ಖರ್ಚಿನ ಮಾತಿಗೆ ಸುಧೀರ್ ಒಂದೇ ಸಲ ಅಡ್ಡ ಬಂದ. ಜೂನ್, ಜುಲೈಯಲ್ಲಿ ಸಂಪಾದನೆಯೇ ಇಲ್ಲವಲ್ಲ ಎಂದ. ಚಂದ್ರಾವತಿ ಮೇಡಂ ಕನ್ನಡಕ ತೆಗೆದರು.

"ಬೋಟ್ ಬಂದ್ ಆದ್ರೆ ಮಗು ಊಟ ಬಂದ್ ಮಾಡತ್ತಾ?"

"ಇಲ್ಲೆ ಮೇಡಂ."

"ಹಾಂಗಾರೆ ಮೇ ತಿಂಗ್ಳ ಒಳಗೇ ತೆಗ್ದಿಡಿ."

ಅವನು ತಲೆಯಾಡಿಸಿದ. ಸಹಿ ಹಾಕಿದರು. ಮಾವ ನಮ್ಮ ಜೊತೆ ಬಸ್ಸು ಹತ್ತಲಿಲ್ಲ. ಎರಡು ವಾರ ಮನೆ ಕಡೆಯೂ ಬರಲಿಲ್ಲ.

ಮುಂದಿನ ಮಂಗಳವಾರ ಅಬ್ಬಿ ತಲೆಗೆ ಸ್ನಾನ ಮಾಡಿ ಬೊಬ್ಬರ್ಯನ ಗುಡಿಗೆ ಹೊರಟಳು. ತೆಂಗಿನಕಾಯಿ, ಹೂವು, ತಪ್ಪುಕಾಣಿಕೆಗೆಂದು ಅರಿಶಿನ ಬಟ್ಟೆಯಲ್ಲಿ ಕಟ್ಟಿದ ನಾಣ್ಯ. ಯಾರು ಹೇಳಿದ್ದರೋ, ಸುಧೀರನೂ ಬಂದು ಗುಡಿಯ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದ. ಅಬ್ಬಿ ಅವನನ್ನು ಕಂಡಳು, ಮಾತಾಡಿಸಲಿಲ್ಲ. ಮೆಟ್ಟಿಲ ಮೇಲೆ ಬಗ್ಗಲು ಮಂಡಿ ಬಿಡಲಿಲ್ಲ, ನನ್ನ ಹೆಗಲು ಹಿಡಿದು ಬಗ್ಗಿದಳು.

"ಹೆಣ್ಣಿನ್ ಮಾತ್ ಕೇಳ್ದೆ ನುಡಿ ಕೊಟ್ಟೆ. ತಪ್ಪಾಯ್ತ್. ನಂಗ್ ಎಂತ ಮಾಡುದಿದ್ರೂ ಮಾಡ್, ಅದ್ಕ್ ಮಾಡ್ಬ್ಯಾಡ."

ಸುಧೀರ್ ಅವಳ ಪಕ್ಕ ಮೆಟ್ಟಿಲು ಮುಟ್ಟಿ, "ನಂದೂ ತಪ್ಪಾಯ್ತ್," ಎಂದ. ಅಂದು ಮಧ್ಯಾಹ್ನ ಅಬ್ಬಿ ನಮ್ಮ ಪಾತ್ರೆಯಿಂದಲೇ ಗಂಜಿ ಬಡಿಸಿಕೊಂಡಳು.

ಏಪ್ರಿಲಿನಲ್ಲಿ ಶಾಲೆಗೆ ರಜೆ ಬಿತ್ತು. ಒಂದು ಬುಧವಾರ ಅಕ್ಕನಿಗೆ ಫೋನ್ ಬಂತು, ಬೋಟು ದಡಕ್ಕೆ ಬಂದಿದೆ, ನಾಳೆ ಬರಲೇ ಎಂದು. ಎರಡು ದಿನ ಕೋಡಿ ಕನ್ಯಾಣದಲ್ಲಿ ಇದ್ದು ಬರುವುದೆಂದಾಯಿತು. ಅಕ್ಕ ಎರಡು ದಿನಕ್ಕೆ ಐದು ಜೊತೆ ಬಟ್ಟೆ ತುಂಬಿದಳು.

ಬೆಳಿಗ್ಗೆ ಸುಧೀರ್ ಬಂದ. ಅಂಗಳದಲ್ಲೇ ನಿಂತ. "ಒಳಗ್ ಬಾ" ಎಂದು ಯಾರೂ ಕರೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅಬ್ಬಿ ಒಂದು ಚೊಂಬು ನೀರು ತಂದು ಜಗಲಿಯ ಮೇಲಿಟ್ಟಳು. "ಕುಡಿ. ಹೆಣ್ಣಿಗೆ ಮುಳ್ ತೆಗ್ದೇ ಕೊಡ್ಕ್. ನಿನ್ ಅಬ್ಬಿಗೂ ಹೇಳ್, ಇಲ್ಲಿ ಸುದ್ದಿ ಎಲ್ಲ ಅದ್ರ ಹತ್ರ ಕೇಳುಕಾಗ."

"ಆಯ್ತ್ ಅತ್ತೆ."

"ಸಂಜಿ ಫೋನ್ ಮಾಡ್ಸಿ," ಅಕ್ಕ ಹೇಳಿದಳು. "ಅದ್ ಅತ್ರೆ ಎಷ್ಟ್ ಹೊತ್ತಿದ್ರೂ ಮಾಡಿ. ನಾನ್ ಬತ್ತೆ."

ನಾವು ಮೂವರೂ ಬಸ್ ಸ್ಟಾಪಿನವರೆಗೆ ಹೋದೆವು. ಸುರಕ್ಷಾ ದಾರಿಯುದ್ದಕ್ಕೂ ಸುಧೀರನಿಗೆ ತನ್ನ ಕ್ಲಾಸಿನಲ್ಲಿ ಯಾರು ಯಾರ ಪೆನ್ಸಿಲ್ ಕದಿಯುತ್ತಾರೆಂದು ಹೇಳುತ್ತಿದ್ದಳು. ಬಸ್ಸು ಬಂತು. ಅವನು ಅವಳನ್ನು ಎತ್ತಿ ಹತ್ತಿಸಿದ. ಕಿಟಕಿ ಪಕ್ಕ ಕೂತವಳು ಆ ಕಡೆ ತಿರುಗಿ ಅವನೊಂದಿಗೆ ಮಾತಾಡುತ್ತಲೇ ಇದ್ದಳು. ಬಸ್ಸು ಹೊರಟಿತು.

"ಒಂದ್ ಟಾಟಾನೂ ಮಾಡ್ಲಿಲ್ಲೆ ಕಾಣ್," ಅಕ್ಕ ಹೇಳಿದಳು. "ತಿರ್ಗಿ ಸಹ ಕಾಣ್ಲಿಲ್ಲೆ."

"ಹೆದ್ರಿಕಿ ಇದ್ರೆ ಅಲ್ದಾ ಮಗು ತಿರ್ಗಿ ಕಾಂಬುದ್," ಅಬ್ಬಿ ಅಂದಳು.

ಬಸ್ಸು ತಿರುವು ದಾಟಿದ ಮೇಲೂ ಅಕ್ಕ ಟಾಟಾಕ್ಕೆ ಎತ್ತಿದ ಕೈಯನ್ನು ಇಳಿಸಿರಲಿಲ್ಲ.